ಬಸ್ ನಿಂತ 15 ದಿನ

ಇವತ್ತಿನ ಎಪಿಸೋಡ್ 2021ರ ಏಪ್ರಿಲ್ ಬಗ್ಗೆ. ಆ ತಿಂಗಳು 7ರಿಂದ ಸಾರಿಗೆ ಮುಷ್ಕರ. ಗೋಕಾಕದಿಂದ ಮೂಡಲಗಿಗೆ ಹೋಗೋಕೆ ನಾನು ಒಂದು ಕ್ರೂಸರ್ ಹಿಂದಿನ ಸೀಟಲ್ಲಿ ಮುದುಡಿ ಕೂತಿದ್ದೆ. ಸುಳ್ಳು ಯಾಕೆ ಹೇಳ್ಲಿ, ನೌಕರರ ಮೇಲೆ ಸಿಟ್ಟೇ ಬಂದಿತ್ತು.

ಅವರು ಕೇಳಿದ್ದು 6ನೇ ವೇತನ ಆಯೋಗದ ಸಂಬಳ. 2020ರ ಡಿಸೆಂಬರ್‌ನಲ್ಲಿ ಬಸ್ ನಿಲ್ಲಿಸಿ ಕೇಳಿದ್ದು ಇನ್ನೂ ದೊಡ್ಡದು: ನಮ್ಮನ್ನ ಸರ್ಕಾರಿ ನೌಕರರು ಅಂತ ಮಾಡಿ. ನಿಗಮದವರು ಹೆಂಗ್ರೀ ಸರ್ಕಾರಿ ನೌಕರರಾಗ್ತಾರ ಅಂತ, ಬಿ.ಕಾಂ. ಓದಿದ ನನಗೂ ಅನಿಸಿತ್ತು.

ಆದರೆ ಹಿಂದಕ್ಕೆ ಹೋಗಿ ನೋಡಿ. 1948ರ ಸೆಪ್ಟೆಂಬರ್ 12ರಂದು ಮೈಸೂರಿನಲ್ಲಿ 120 ಬಸ್ಸುಗಳಿಂದ ಶುರುವಾಗಿದ್ದು ಒಂದು ಸರ್ಕಾರಿ ಇಲಾಖೆ. ಆಗ ಗೋಕಾಕ, ಹುಕ್ಕೇರಿ ಮುಂಬೈ ಪ್ರಾಂತ್ಯದಲ್ಲಿದ್ದವು. 1956ರ ಏಕೀಕರಣದಲ್ಲಿ ಈ ಕಡೆ ಬಂದವು. 1961ರ ಆಗಸ್ಟ್‌ನಲ್ಲಿ ಆ ಇಲಾಖೆ ನಿಗಮವಾಯ್ತು. ಬಸ್ಸು ಅದೇ, ಸ್ಟೇರಿಂಗ್ ಅದೇ, ಲೆಕ್ಕದ ಪುಸ್ತಕ ಮಾತ್ರ ಬೇರೆ. ಅಂದ್ರೆ ಡಿಸೆಂಬರ್ ಬೇಡಿಕೆ ಹೊಸದಲ್ಲ, ಒಂದು ಕಾಲದಲ್ಲಿ ಇದ್ದದ್ದೇ.

ನಿಗಮ ಅಂದ್ಮೇಲೆ ಟಿಕೆಟ್ ದುಡ್ಡಿನಿಂದ ಸಂಬಳ ಹುಟ್ಟಬೇಕು. ಆದ್ರೆ ದರ ಏರಿಸೋಕೆ ಸರ್ಕಾರ ಹೂಂ ಅನ್ನಬೇಕು, ನಷ್ಟದ ಹಳ್ಳಿ ರೂಟ್ ಬಿಡಂಗಿಲ್ಲ. 1997ರಲ್ಲಿ ಹುಬ್ಬಳ್ಳಿಯಲ್ಲಿ ವಾಯವ್ಯ ಸಂಸ್ಥೆ ಬೇರೆಯಾದ್ಮೇಲೂ ಈ ಗಂಟು ಬಿಚ್ಚಲಿಲ್ಲ. ಕೈ ಕಟ್ಟಿ ಈಜು ಅಂದಂಗೆ.

ಸರ್ಕಾರ 8% ಏರಿಕೆ ಕೊಡ್ತೀವಿ ಅಂತು, ನೌಕರರು ಒಪ್ಪಲಿಲ್ಲ. ವಜಾ, ವರ್ಗಾವಣೆ ಶುರುವಾದವು. ಮಧ್ಯೆ, ಏಪ್ರಿಲ್ 16ರಂದು ಜಮಖಂಡಿ ಹತ್ರ ಓಡ್ತಿದ್ದ ಬಸ್ಸಿಗೆ ಯಾರೋ ಕಲ್ಲು ಹೊಡೆದ್ರು. ಡ್ರೈವರ್ ತೀರಿಕೊಂಡ್ರು. ನಿವೃತ್ತಿ ಹತ್ರ ಬಂದಿದ್ದ ಮನುಷ್ಯ. ಮುಷ್ಕರದಲ್ಲಿ ಸೇರದೆ ಡ್ಯೂಟಿಗೆ ಬಂದಿದ್ರು, ಅಷ್ಟೆ. ಸಂಘಟನೆ ಹಕ್ಕಿನ ಪರವಾಗಿ ನಾನು ಎಷ್ಟೇ ಮಾತಾಡ್ಲಿ, ಈ ಸಾವನ್ನ ಬದಿಗಿಟ್ಟು ಮಾತಾಡೋಕಾಗಲ್ಲ. ಸುರಕ್ಷತೆ ಅಂದ್ರೆ ನಾವು ಬ್ರೇಕು, ಟೈರು ಅಂತೀವಿ. ಡ್ರೈವರ್ ಮುಂದಿನ ಗಾಜು ನೆನಪಿಗೆ ಬರಲ್ಲ.

ಹೈಕೋರ್ಟ್ ಮಾತಿನ ಮೇಲೆ 21ಕ್ಕೆ ಮುಷ್ಕರ ಮುಗೀತು. 2023ರ ಮಾರ್ಚ್‌ನಿಂದ 15% ಏರಿಕೆ ಸಿಕ್ತು. ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಕಂಡಕ್ಟರ್ ಈಗ ಮಷೀನಿನಿಂದ ಪ್ರತಿ ಹೆಣ್ಮಗಳಿಗೂ ಶೂನ್ಯ ಟಿಕೆಟ್ ಹರಿದು ಕೊಡಬೇಕು, ಸರ್ಕಾರದಿಂದ ದುಡ್ಡು ಬರೋದು ಆ ಲೆಕ್ಕದ ಮೇಲೆ. ಹುಕ್ಕೇರಿ ಸಂತೆ ದಿನ ಆ ಗದ್ದಲದಲ್ಲಿ ಒಮ್ಮೆ ನಿಂತು ನೋಡಿ.

2020ರ ಜನವರಿಯಿಂದ ಆ ಏರಿಕೆವರೆಗಿನ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಂತವು. ಈ ಸಲ ಒಂದೇ ದಿನ, ಹೈಕೋರ್ಟ್ ತಡೆದಿತ್ತು.