ದಂಡಿನ ಗಡ್ಡ, ಟ್ಯಾನರಿ ರಸ್ತೆಯ ತೊಗಲು

ಹಳೆಯ ಕ್ಷೌರದ ಕತ್ತಿಯ ಬುಡದಲ್ಲಿ ಅದನ್ನು ಮಾಡಿದವರ ಹೆಸರೂ ಊರೂ ಕೊರೆದಿರುತ್ತವೆ. ಇಂಗ್ಲೆಂಡಿನ ಷೆಫೀಲ್ಡ್, ಇಲ್ಲವೇ ಜರ್ಮನಿಯ ಸೋಲಿಂಗನ್. ಅದೇ ಕತ್ತಿಯನ್ನು ದಿನಬೆಳಗೂ ಸವರಿ ಹರಿತ ಉಳಿಸುತ್ತಿದ್ದ ಪಟ್ಟಿಯ ತೊಗಲನ್ನು ಹದ ಮಾಡಿದ ಕೈಗಳಿಗೆ ಇಂಥ ಗುರುತು ಸಿಕ್ಕಿಲ್ಲ. ಬೆಂಗಳೂರು ದಂಡಿನ ಚರಿತ್ರೆಯಲ್ಲಿ ಪರೇಡು ಮೈದಾನ, ಚರ್ಚು, ಬಂಗಲೆ, ಕ್ಲಬ್ಬುಗಳಿಗೆ ಪುಟಗಟ್ಟಲೆ ಜಾಗವಿದೆ. ಆ ದಂಡು ಪ್ರತಿದಿನ ಬೆಳಗ್ಗೆ ನುಣ್ಣನೆಯ ಗಲ್ಲ ಹೊತ್ತು ಕವಾಯತಿಗೆ ಹೇಗೆ ನಿಲ್ಲುತ್ತಿತ್ತು ಎಂಬ ಪ್ರಶ್ನೆಗೆ ಜಾಗವಿಲ್ಲ. ನನ್ನ ವಾದ ಇಷ್ಟು: ಕತ್ತಿ ಸವರುವ ಪಟ್ಟಿಗೆ ತೊಗಲು ಆರಿಸುವಾಗ ಅದು ಯಾವ ಪ್ರಾಣಿಯದು ಎನ್ನುವುದಕ್ಕಿಂತ ಯಾವುದರಲ್ಲಿ ಹದವಾಯಿತು ಎನ್ನುವುದೇ ಮೊದಲ ಪ್ರಶ್ನೆ, ಆ ಸರಿಯಾದ ಹದ ಬಲ್ಲವರು ದಂಡಿನ ಮಗ್ಗುಲಲ್ಲೇ, ಈ ನೆಲದಲ್ಲೇ ಇದ್ದರು.

ಬೇಡಿಕೆ ಎಷ್ಟಿತ್ತು ಎಂಬುದನ್ನು ಮೊದಲು ನೋಡಬೇಕು. ಶ್ರೀರಂಗಪಟ್ಟಣದಿಂದ ಸರಿದ ಬ್ರಿಟಿಷ್ ಪಡೆ 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆ ಬಂದಿತು. ಪದಾತಿ, ಅಶ್ವದಳ, ಫಿರಂಗಿದಳಗಳ ಜೊತೆಗೆ ಅಗಸರು, ಅಡುಗೆಯವರು, ಕ್ಷೌರಿಕರು ಸೇರಿ ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ತುಂಬಿಕೊಂಡಿತು. ಬ್ರಿಟಿಷ್ ಸೇನೆಯ ಆಗಿನ ನಿಯಮದಂತೆ ಸೈನಿಕನ ಗಲ್ಲ, ಕೆಳದುಟಿ ಬೋಳಿಸಿರಲೇಬೇಕಿತ್ತು; ಮೇಲ್ದುಟಿಗೆ ಮಾತ್ರ ಕತ್ತಿ ತಾಕಿಸುವಂತಿರಲಿಲ್ಲ. ಮೀಸೆಯ ಈ ಕಟ್ಟಳೆ ರದ್ದಾದದ್ದು 1916ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೂ ಮೀಸೆಯ ಅಂಚು ಕೆಡಿಸದೆ ಅದರ ಸುತ್ತ ಕತ್ತಿ ಆಡಿಸಬೇಕಿತ್ತು. ಮೊಂಡು ಕತ್ತಿಯಿಂದ ಆಗುವ ಕೆಲಸವಲ್ಲ ಅದು. 1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದೊಡನೆ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್, 1930ರಲ್ಲಿ ಅಚ್ಚಾದ ತಮ್ಮ ಆರಂಭದ ದಿನಗಳ ಆತ್ಮಕಥೆಯಲ್ಲಿ ಇಲ್ಲಿನ ಬೆಳಗನ್ನು ವರ್ಣಿಸಿದ್ದಾರೆ: ಬೆಳಕು ಹರಿಯುವ ಮೊದಲೇ ಒಬ್ಬಾತ ಬಂದು ಗಲ್ಲವೆತ್ತಿ ನೊರೆ ಹಚ್ಚಿದ ಕೊರಳ ಮೇಲೆ ಕತ್ತಿ ಇಡುತ್ತಿದ್ದ. ಆತನ ಹೆಸರು ಅಲ್ಲಿಲ್ಲ. ಆದರೆ ಅರೆಗತ್ತಲಲ್ಲಿ, ಅರೆನಿದ್ದೆಯಲ್ಲಿರುವವನ ಕೊರಳ ಮೇಲೆ ಕೂದಲು ಜಗ್ಗದಂತೆ, ಗೀರು ಬೀಳದಂತೆ ಕತ್ತಿ ಹರಿಯಬೇಕಾದರೆ ಅದನ್ನು ಆಗಷ್ಟೇ ಚೆನ್ನಾಗಿ ಸವರಿರಬೇಕು. ಆ ಸಾಲುಗಳನ್ನು ಓದುವಾಗ ನನಗೆ ಕಾಣುವುದು ದೊರೆಯ ಸುಖವಲ್ಲ, ಆ ಕ್ಷೌರಿಕನ ಕೈಚಳಕ.

ಸವರುವಿಕೆ ಎಂದರೆ ಮಸೆಯುವುದಲ್ಲ. ಸಾಣೆಕಲ್ಲು ಉಕ್ಕನ್ನು ತೇಯುತ್ತದೆ. ಅದರ ಸರದಿ ಕೆಲವು ವಾರಗಳಿಗೊಮ್ಮೆ ಬರುವಂಥದ್ದು. ಗಡ್ಡದ ಕೂದಲಿಗೆ ತಾಗಿ ತಾಗಿ ಕತ್ತಿಯ ಬಾಯಿಯ ಅತಿ ತೆಳುವಾದ ಅಂಚು ಕಣ್ಣಿಗೆ ಕಾಣದಷ್ಟು ಮಗುಚಿಕೊಳ್ಳುತ್ತದೆ. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ತೊಗಲಿನ ಕೆಲಸ. ಪಟ್ಟಿಯ ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆಯಬೇಕು. ತುದಿ ಮುಟ್ಟಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತರಬೇಕು. ಪಟ್ಟಿ ಒಂದಿಷ್ಟು ಜೋತುಬಿದ್ದರೂ ತೊಗಲು ಅಂಚಿನ ಸುತ್ತ ಬಾಗಿ ಬಾಯಿಯನ್ನು ಉರುಟಾಗಿಸುತ್ತದೆ. ತೊಗಲಿನಲ್ಲಿ ಇರಬೇಕಾದ ಗುಣಗಳು ಇದರಿಂದಲೇ ಹೊರಡುತ್ತವೆ. ಎಳೆದರೆ ಹಿಗ್ಗಬಾರದು, ದಪ್ಪ ಎಲ್ಲೆಡೆ ಒಂದೇ ಇರಬೇಕು, ಮೇಲ್ಮೈ ನುಣುಪಾಗಿದ್ದೂ ಕತ್ತಿಯನ್ನು ಸ್ವಲ್ಪ ಹಿಡಿದು ಬಿಡಬೇಕು. ಪೂರ್ತಿ ಜಾರಿದರೆ ಪ್ರಯೋಜನವಿಲ್ಲ, ಅಂಟಿಕೊಂಡರೆ ಕೈ ತಪ್ಪಿ ಪಟ್ಟಿಯೇ ಕೊಯ್ದುಹೋಗುತ್ತದೆ. ಹೊಟ್ಟೆಭಾಗದ ತೊಗಲು ಸಡಿಲ, ಹಾಗಾಗಿ ಬೆನ್ನಿನ ಭಾಗವೇ ಬೇಕು. ಕುರಿಯ ತೊಗಲು ಪದರ ಬಿಡುತ್ತದೆ. ಆಡಿನದು ಗಟ್ಟಿ, ಆದರೆ ತೂಗುಪಟ್ಟಿಗೆ ತೀರಾ ತೆಳು. ಎಮ್ಮೆಯದು ದಪ್ಪ, ನಾರು ಒರಟು. ಚೆನ್ನಾಗಿ ಕೆರೆದು ನಯ ಮಾಡಿದರೆ ಬಾಳಿಕೆ ಹೆಚ್ಚು. ದನದ ಬೆನ್ನಿನ ತೊಗಲು ಇವೆಲ್ಲದರ ನಡುವಿನ ಹಿತವಾದ ಆಯ್ಕೆ.

ಹಿಗ್ಗದ, ಗಟ್ಟಿಮುಟ್ಟಾದ ತೊಗಲು ಬರುವುದು ಮರದ ತೊಗಟೆಯ ಒಗರಿನಲ್ಲಿ ನಿಧಾನ ಹದವಾದಾಗ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಕಥನದಲ್ಲಿ ಮಾದಿಗ ಸಮುದಾಯದವರು ಸುಣ್ಣ, ತಂಗಡಿ ತೊಗಟೆ ಬಳಸಿ ತೊಗಲು ಹದ ಮಾಡುವುದನ್ನು ದಾಖಲಿಸಿದ್ದಾರೆ. ದಂಡು ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲಿನ ಮಾತಿದು. ತಂಗಡಿ ನಮ್ಮ ಬಯಲುಸೀಮೆಯ ಒಣ ನೆಲದಲ್ಲಿ ತಾನಾಗಿ ಬೆಳೆಯುವ ಹಳದಿ ಹೂವಿನ ಗಿಡ. ಅದರ ತೊಗಟೆಯ ರಸದಲ್ಲಿ ವಾರಗಟ್ಟಲೆ ನೆನೆದ ತೊಗಲು ಒಳಗಿನವರೆಗೂ ಕಂದುಬಣ್ಣಕ್ಕೆ ತಿರುಗಿ, ನಾರು ನಾರೂ ತುಂಬಿಕೊಂಡು, ತಟ್ಟಿದರೆ ಸದ್ದು ಕೊಡುವಷ್ಟು ಬಿಗಿಯಾಗುತ್ತದೆ. ಆಮೇಲೆ ಅಳಲೆಕಾಯಿಯ ನೀರಿನಲ್ಲಿ ಅದ್ದಿ ಎಣ್ಣೆ ಸವರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ದಕ್ಷಿಣ ಭಾರತದ ಈ ಹದ ‘ಈಸ್ಟ್ ಇಂಡಿಯಾ’ ತೊಗಲು ಎಂಬ ಹೆಸರಿನಲ್ಲಿ ಲಂಡನ್ನಿನ ಹರಾಜುಗಳಿಗೆ ಹಡಗು ಹತ್ತಿತು. ಇತ್ತ ದಂಡಿಗೆ ಮಾಂಸ ಒದಗಿಸುವ ಕಸಾಯಿಖಾನೆಯಿಂದ ಹಸಿ ತೊಗಲು ಬೇಕಾದಷ್ಟು ದೊರೆಯುತ್ತಿತ್ತು. ದಂಡಿನ ಈಶಾನ್ಯ ಅಂಚಿನಲ್ಲಿ, ಇಂದಿನ ಪುಲಕೇಶಿನಗರದಿಂದ ದೇವರಜೀವನಹಳ್ಳಿಯ ಕಡೆಗೆ ಹೋಗುವ ದಾರಿಗೆ ಟ್ಯಾನರಿ ರಸ್ತೆ ಎಂಬ ಹೆಸರು ಬಂದದ್ದೇ ಅಲ್ಲಿನ ಹದಗಾರಿಕೆಯಿಂದ.

ಹದವೇ ಮುಖ್ಯ ಎಂಬ ಮಾತಿಗೆ ಬಲವಾದ ಸಾಕ್ಷಿ ಆಲ್‌ಫ್ರೆಡ್ ಚಾಟರ್ಟನ್ ಅವರ ಪ್ರಯೋಗಗಳಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಬಳಕೆಗೆ ತಂದವರು ಅವರು. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಕ್ರೋಮ್ ಲವಣದಲ್ಲಿ ತೊಗಲು ತೀರಾ ಬೇಗ ಹದವಾಗುತ್ತದೆ, ನೀರಿಗೆ ಕೊಳೆಯುವುದಿಲ್ಲ. ಹೀಗಾಗಿ ಅವರು ಮೊದಲು ಕಣ್ಣಿಟ್ಟದ್ದು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಚೀಲದ ಮೇಲೆ. ತೊಗಟೆಯಲ್ಲಿ ಹದವಾದ ಚೀಲ ಸದಾ ನೀರಿನಲ್ಲಿ ನೆನೆದು ಬೇಗ ಹಾಳಾಗುತ್ತಿತ್ತು, ಕ್ರೋಮಿನದು ಬಾಳುತ್ತಿತ್ತು. ರೈತನಿಗೆ ಅದು ನಿಜವಾದ ಉಪಕಾರ. ಆದರೆ ನೀರು ತುಂಬಿದ ಚೀಲಕ್ಕೆ ಬೇಕಾದ ಮೆತುವು, ಹಿಗ್ಗು, ಪುಟಿತಗಳೇ ಕತ್ತಿಯ ಪಟ್ಟಿಗೆ ಶತ್ರು. ಕ್ರೋಮ್ ಪಟ್ಟಿಯನ್ನು ಎಷ್ಟೇ ಎಳೆದು ಹಿಡಿದರೂ ಕತ್ತಿಯ ಭಾರಕ್ಕೆ ಅದು ತಗ್ಗುತ್ತದೆ. ಹಲಗೆಗೆ ಅಂಟಿಸಿದರೆ ಹಿಗ್ಗುವ ತೊಂದರೆ ತಪ್ಪೀತು, ಅದನ್ನು ಒಪ್ಪಬೇಕು. ತೂಗುಪಟ್ಟಿಗಂತೂ ಅದು ಒಗ್ಗದು. ಒಂದೇ ದನದ ತೊಗಲು ಒಂದು ಹದದಲ್ಲಿ ಕಪಿಲೆಗೆ, ಇನ್ನೊಂದು ಹದದಲ್ಲಿ ಕ್ಷೌರಿಕನಿಗೆ ಸಲ್ಲುತ್ತದೆ ಎಂದಮೇಲೆ ಪ್ರಾಣಿಯ ಹೆಸರಿಗೆ ಎರಡನೆಯ ಸ್ಥಾನವೇ ತಕ್ಕದ್ದು.

ಕತ್ತಿಯೊಂದಿಗೆ ಪಟ್ಟಿಯೂ ಇಂಗ್ಲೆಂಡಿನಿಂದಲೇ ಬರುತ್ತಿತ್ತಲ್ಲ ಎಂದು ಆಕ್ಷೇಪಿಸಬಹುದು. ಅಧಿಕಾರಿಯ ಪೆಟ್ಟಿಗೆಯಲ್ಲಿ ಬಂದಿರಲೂಬಹುದು. ಆದರೆ ಉಕ್ಕಿನ ಆಯುಷ್ಯ ತೊಗಲಿಗಿಲ್ಲ. ಒಂದು ಸಲ ಕೈತಪ್ಪಿ ಕಚ್ಚು ಬಿದ್ದರೆ ಪಟ್ಟಿ ಕೆಟ್ಟಿತು. ದಿನಕ್ಕೆ ಹತ್ತಾರು ಗಲ್ಲ ಬೋಳಿಸುವ ಪಲ್ಟನ್ನಿನ ಕ್ಷೌರಿಕ ಅದನ್ನು ಸೀಮೆಯಿಂದ ತರಿಸಿಕೊಳ್ಳಲಾರ. ಅವನ ಕಣ್ಣೆದುರಿಗೇ ಇದ್ದದ್ದು ಕುದುರೆಯ ಲಗಾಮು, ಜೀನಿನ ಪಟ್ಟಿಗಳು. ಇಂದು ಕಾಮರಾಜ ರಸ್ತೆಯೆನಿಸಿಕೊಂಡ ಕ್ಯಾವಲ್ರಿ ರಸ್ತೆಯ ಹಳೆಯ ಹೆಸರೇ ಕುದುರೆಗಳು ಇಲ್ಲಿ ಎಷ್ಟಿದ್ದವು ಎಂಬುದನ್ನು ಹೇಳುತ್ತದೆ. ಜಟಕಾಗಳ ಕುದುರೆಗಳು ಬೇರೆ. ಲಗಾಮಿನ ತೊಗಲು ತೊಗಟೆಯಲ್ಲಿ ಹದವಾದದ್ದು, ಬೆನ್ನಿನ ಭಾಗದ್ದು, ಸಮ ದಪ್ಪಕ್ಕೆ ಕೆರೆದದ್ದು, ಕೊಬ್ಬು ತಿಕ್ಕಿ ನಯ ಮಾಡಿದ್ದು. ಒಳ್ಳೆಯ ಸವರುಪಟ್ಟಿಗೆ ಇದಕ್ಕಿಂತ ಹತ್ತಿರದ ನೆಂಟ ಇಲ್ಲ. ಕುದುರೆಯ ಪಿರ್ರೆಯ ತೊಗಲೇ ಶ್ರೇಷ್ಠವೆಂಬ ಯೂರೋಪಿನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಅದರ ಬಿಗುವಿಗೂ ತೊಗಟೆಯ ಹದವೇ ಬೇಕು, ಮತ್ತು ದಕ್ಷಿಣ ಭಾರತದ ಹದಗಾರರ ವ್ಯಾಪಾರ ನಡೆದದ್ದು ದನ, ಎಮ್ಮೆ, ಆಡು, ಕುರಿಗಳ ತೊಗಲಿನಲ್ಲಿ. ಇನ್ನು, ನಮ್ಮ ಕ್ಷೌರಿಕರು ಅಂಗೈ ಮೇಲೆ ಕತ್ತಿ ಸವರಿಕೊಳ್ಳುತ್ತಿದ್ದರು, ಪಟ್ಟಿ ಅವರಿಗೆ ಅಗತ್ಯವೇ ಇರಲಿಲ್ಲ ಎಂಬ ಮಾತೂ ಇದೆ. ಹಡಪ ಹಿಡಿದು ಮನೆಮನೆಗೆ ಹೋಗುವವರಿಗೆ ಅಂಗೈ ಸಾಕಾಗಿತ್ತು, ಅದು ನಿಜ. ದಂಡಿನ ಸಾಲುಸಾಲು ಗಲ್ಲಗಳಿಗೆ ಅಂಗೈಯೊಂದನ್ನೇ ನಂಬಲಾಗದು.

ಇಷ್ಟಾದರೂ ಈ ತೊಗಲಿನ ಕಥೆ ಬರವಣಿಗೆಗೆ ಬರದಿರಲು ಕಾರಣ ಜಾತಿ. ತೊಗಲು ಹದ ಮಾಡಿದವರನ್ನು ಊರ ಹೊರಗೆ ಇಟ್ಟರು. ಕ್ಷೌರಿಕನನ್ನು ಮಂಗಳಕಾರ್ಯಕ್ಕೆ ಕರೆದೂ ಅವನ ಕಸುಬನ್ನು ಬೈಗುಳವಾಗಿಸಿದರು. ಈ ಇಬ್ಬರ ಜ್ಞಾನ ಕೂಡಿದ ಜಾಗದಲ್ಲಿ ಹುಟ್ಟಿದ ವಸ್ತುವಿಗೆ ಅಕ್ಷರಸ್ಥರ ಲೋಕದಲ್ಲಿ ವಾರಸುದಾರರಿರಲಿಲ್ಲ. ಅನ್ಯಾಯವೆಂದು ಇದನ್ನು ನೇರವಾಗಿ ಹೇಳಬೇಕು. ಅಷ್ಟರಲ್ಲಿ ಜಿಲೆಟ್ ಕಂಪನಿಯ ಬಿಸಾಡುವ ಬ್ಲೇಡು 1904ರ ಪೇಟೆಂಟಿನಿಂದ ಹೊರಟು ಮೊದಲ ಮಹಾಯುದ್ಧದ ಸೈನಿಕರ ಚೀಲ ಸೇರಿತು. ಅಂಗಡಿಗಳಲ್ಲಿ ಕತ್ತಿ ಮತ್ತಷ್ಟು ಕಾಲ ಉಳಿಯಿತು. ಏಡ್ಸ್ ಭಯ ಹರಡಿದ ಮೇಲೆ ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡು ಹಾಕುವ ರೂಢಿ ಬಂದು ಪಟ್ಟಿ ಗೋಡೆಯಿಂದ ಇಳಿಯಿತು. ಈಸ್ಟ್ ಇಂಡಿಯಾ ತೊಗಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ತಮಿಳುನಾಡಿನ ಹೆಸರಿನಲ್ಲಿ.

ಈಗ ಮತ್ತೆ ನೇರಕತ್ತಿ ಹಿಡಿಯುವವರು ಅಲ್ಲಲ್ಲಿ ಹುಟ್ಟಿಕೊಂಡಿದ್ದಾರೆ. ಅವರು ಪಟ್ಟಿಗೆ ತೊಗಲು ಕೊಳ್ಳುವಾಗ ಮೇಲಿನ ಬಣ್ಣ ನೋಡದೆ ಕತ್ತರಿಸಿದ ಅಂಚನ್ನು ನೋಡಲಿ: ನಡುವಿನಲ್ಲಿ ನೀಲಿಬೂದು ಇದ್ದರೆ ಕ್ರೋಮ್, ಉದ್ದಕ್ಕೂ ಕಂದು ಇದ್ದರೆ ತೊಗಟೆಯ ಹದ. ಬಣ್ಣ ಕಟ್ಟಿ ಅಂಚು ಮರೆಮಾಡಿದ್ದರೆ ಒಂದು ಚೂರು ಸುಟ್ಟರೆ ಸಾಕು, ಕ್ರೋಮಿನ ಬೂದಿ ಹಸಿರು ತೋರುತ್ತದೆ. ಸುಮಾರು 3 ಮಿಲಿಮೀಟರ್ ದಪ್ಪ, 2.5ರಿಂದ 3 ಅಂಗುಲ ಅಗಲ ಸಾಕು. ಪಟ್ಟಿಯನ್ನು ಬೆನ್ನೆಲುಬಿನ ಉದ್ದಕ್ಕೇ ಕೊಯ್ಯಿಸಿಕೊಳ್ಳಬೇಕು, ಅಡ್ಡ ಕೊಯ್ದರೆ ಎಷ್ಟು ಒಳ್ಳೆಯ ಹದವೂ ಹಿಗ್ಗುತ್ತದೆ. ಎಣ್ಣೆ ಸುರಿಯುವುದು ಬೇಡ, ದಿನವೂ ಅಂಗೈಯಿಂದ ಉಜ್ಜಿದರೆ ಅದರ ಜಿಡ್ಡೇ ಸಾಕಾಗುತ್ತದೆ.