ದೆರ್ಸು ಉಜಾಲಾ

ಸೋವಿಯತ್ ಒಕ್ಕೂಟ ಮತ್ತು ಜಪಾನುಗಳ ಸಹಯೋಗದಲ್ಲಿ ನಿರ್ಮಿತವಾಗಿ 1975ರಲ್ಲಿ ತೆರೆಕಂಡ, ರಷ್ಯನ್ ಭಾಷೆಯ ಕಥಾಚಿತ್ರ. ನಿರ್ದೇಶಕ ಅಕಿರ ಕುರೊಸಾವ (1910–1998). ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯದ ಪೂರ್ವದ ಅಂಚಿನಲ್ಲಿರುವ ಉಸ್ಸೂರಿ ಸೀಮೆಯ ಅರಣ್ಯಗಳನ್ನು ಅಳೆದು ನಕ್ಷೆಗಿಳಿಸಿದ ಸೇನಾಧಿಕಾರಿ ವ್ಲಾದಿಮಿರ್ ಕ್ಲಾವ್ದಿಯೆವಿಚ್ ಅರ್ಸೆನ್ಯೆವನ (1872–1930) ಪ್ರವಾಸಕಥನಗಳು ಇದಕ್ಕೆ ಆಧಾರ. ಅವನಿಗೆ ದಾರಿ ತೋರಿದ, ನಾನೈ ಬುಡಕಟ್ಟಿಗೆ ಸೇರಿದ ವೃದ್ಧ ಬೇಟೆಗಾರ ದೆರ್ಸು ಇದರ ನಾಯಕ. ನಿರ್ಜನಾರಣ್ಯದಲ್ಲಿ ಸಿಲುಕಿ ಬದುಕುಳಿದವರ ನಿಜವೃತ್ತಾಂತಗಳನ್ನು ಆಧರಿಸಿದ ಚಿತ್ರಗಳ ಸಾಲಿನಲ್ಲಿ ಇದನ್ನು ಎಣಿಸುವುದು ರೂಢಿಯಾಗಿದೆಯಾದರೂ, ಆ ಸಾಲಿನ ಬಹುಪಾಲು ಚಿತ್ರಗಳಲ್ಲಿ ಪ್ರಕೃತಿಯು ಮನುಷ್ಯನಿಗೆ ಪ್ರತಿಪಕ್ಷವಾಗಿ ನಿಲ್ಲುವಂತೆ ಇಲ್ಲಿ ನಿಲ್ಲುವುದಿಲ್ಲ: ಒಂದೇ ಅರಣ್ಯವು ಒಬ್ಬನಿಗೆ ಮನೆಯೂ ಮತ್ತೊಬ್ಬನಿಗೆ ಮೃತ್ಯುಸ್ಥಾನವೂ ಆಗಿ ತೋರುವುದೇ ಇದರ ವಸ್ತು.

ಕಥಾಮೂಲ

ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಅರ್ಸೆನ್ಯೆವ್ ಸೈನ್ಯದ ಅಧಿಕಾರಿಯಾಗಿ 1900ರಲ್ಲಿ ವ್ಲಾದಿವೊಸ್ತೊಕ್ ನಗರಕ್ಕೆ ಬಂದನು. ಮೊದಲು ಆ ನಗರದ ಆಸುಪಾಸಿನ ಕಾಡುಗಳಲ್ಲಿ ಸಣ್ಣ ತುಕಡಿಯೊಡನೆ ಸಂಚರಿಸಿ, ತರುವಾಯ 1906ರಲ್ಲಿಯೂ 1907ರಲ್ಲಿಯೂ 1908ರಿಂದ 1910ರವರೆಗೂ ಸಿಖೋತೆ-ಅಲಿನ್ ಪರ್ವತಶ್ರೇಣಿಯನ್ನು ಅಡ್ಡಡ್ಡಲಾಗಿ ದಾಟುವ ದೀರ್ಘಯಾತ್ರೆಗಳನ್ನು ಕೈಗೊಂಡನು. ಉತ್ತರದ ಹಿಮನಾಡಿನ ಸೂಚಿಪರ್ಣ ವೃಕ್ಷಗಳೂ ದಕ್ಷಿಣದ ಕಾಡುದ್ರಾಕ್ಷಿಯ ಬಳ್ಳಿಗಳೂ ಒಂದೇ ಕಣಿವೆಯಲ್ಲಿ ಬೆಳೆಯುವ, ಹಿಮದ ಮೇಲೆ ಹುಲಿಯ ಹೆಜ್ಜೆ ಮೂಡುವ ಸೀಮೆ ಇದು. ಯಾತ್ರೆಗಳ ಮುಖ್ಯೋದ್ದೇಶ ಸೈನಿಕವಾದದ್ದು. ಜಪಾನಿನೊಡನೆ ನಡೆದ ಯುದ್ಧದಲ್ಲಿ ಸೋತ ರಷ್ಯಕ್ಕೆ ತನ್ನ ಪೂರ್ವತೀರದ ಕಣಿವೆಗಳ ಪರಿಜ್ಞಾನ ಅತ್ಯಗತ್ಯವಾಗಿತ್ತು. ಆದರೆ ಅರ್ಸೆನ್ಯೆವನ ಟಿಪ್ಪಣಿಗಳಲ್ಲಿ ನದಿಗಳ ಅಳತೆಯ ಜೊತೆಗೆ ಸಸ್ಯ, ಪಕ್ಷಿ, ಜನಜೀವನಗಳ ವಿವರಗಳೂ ಸಂಚಯಗೊಂಡು, ಅವುಗಳಿಂದ 1921ರಲ್ಲಿ ಮೊದಲನೆಯ ಪ್ರವಾಸಕಥನವೂ 1923ರಲ್ಲಿ ದೆರ್ಸುವಿನ ಹೆಸರನ್ನೇ ಹೊತ್ತ ಎರಡನೆಯದೂ ಪ್ರಕಟವಾದುವು. ಧ್ರುವಯಾತ್ರಿಕ ನಾನ್ಸೆನ್ ಇವುಗಳ ಜರ್ಮನ್ ಅನುವಾದಕ್ಕೆ ಮುನ್ನುಡಿ ಬರೆದನು. ಮ್ಯಾಕ್ಸಿಂ ಗಾರ್ಕಿ 1928ರಲ್ಲಿ ಲೇಖಕನಿಗೆ ಪತ್ರ ಬರೆದು ಮೆಚ್ಚಿದನು.

ಚಿತ್ರವು ನಿಜಕಥೆಯನ್ನು ಆಧರಿಸಿದೆ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕಾಗಿದೆ. ದೆರ್ಸು ಕಲ್ಪಿತ ವ್ಯಕ್ತಿಯಲ್ಲ. ಅರ್ಸೆನ್ಯೆವನ ದಿನಚರಿಗಳಲ್ಲಿ ಅವನ ಉಲ್ಲೇಖಗಳಿವೆ, ಅವನ ಭಾವಚಿತ್ರಗಳೂ ಉಳಿದುಬಂದಿವೆ. ಅವನ ಹೆಂಡತಿ ಮಕ್ಕಳೆಲ್ಲರೂ ಸಿಡುಬಿಗೆ ತುತ್ತಾಗಿದ್ದರು. ಆಮೇಲೆ ಅವನಿಗೆ ಸ್ಥಿರವಾದ ಸೂರೆಂಬುದಿರಲಿಲ್ಲ. ಪುಸ್ತಕವಾದರೋ ಇವರಿಬ್ಬರ ಪ್ರಥಮ ಸಮಾಗಮವನ್ನು 1902ನೆಯ ಇಸವಿಗೆ ಸೇರಿಸುತ್ತದೆ. ದಿನಚರಿಗಳ ಸಾಕ್ಷ್ಯದಿಂದ ಅದು 1906ರ ಆಗಸ್ಟ್ ತಿಂಗಳಿನಲ್ಲಿ ಆಯಿತೆಂದು ತಿಳಿದುಬರುತ್ತದೆ. ಹಾಗಾದಲ್ಲಿ, 1902ರಲ್ಲಿ ನಡೆದುದಾಗಿ ವರ್ಣಿತವಾಗಿರುವ, ಕುರೊಸಾವನ ಚಿತ್ರಕ್ಕೂ ಹೃದಯಸ್ಥಾನದಲ್ಲಿರುವ ಖಾಂಕಾ ಸರೋವರದ ಹಿಮಮಾರುತದ ಪ್ರಸಂಗದಲ್ಲಿ ದೆರ್ಸು ಪಾಲುಗೊಂಡಿರುವುದು, ವರ್ಣಿತವಾದ ರೂಪದಲ್ಲಂತೂ, ಅಸಂಭವವೆನ್ನಬೇಕಾಗುತ್ತದೆ. ಬೇರೆ ಬೇರೆ ವರ್ಷಗಳಲ್ಲಿ ತನಗೆ ದಾರಿ ತೋರಿದ ಹಲವರ ಗುಣಗಳನ್ನೂ ಕೃತ್ಯಗಳನ್ನೂ ಲೇಖಕನು ಒಬ್ಬನೇ ವ್ಯಕ್ತಿಯ ಮೇಲೆ ಆರೋಪಿಸಿರಬೇಕೆಂಬ ಅಭಿಪ್ರಾಯವು ತಕ್ಕಮಟ್ಟಿಗೆ ಸಮಂಜಸವಾಗಿ ತೋರುತ್ತದೆ. ಇದರಿಂದ ಕಥನದ ಪ್ರಾಮಾಣ್ಯ ಪೂರ್ಣವಾಗಿ ಕುಸಿಯಿತೆಂದು ಭಾವಿಸಬೇಕಾಗಿಲ್ಲ. ತಾರೀಖುಗಳಲ್ಲಿ ಸ್ವಾತಂತ್ರ್ಯ ವಹಿಸಿದ ಇದೇ ಲೇಖಕನು ಬೆಂಕಿ ಹೊತ್ತಿಸುವ, ಹೆಜ್ಜೆಗುರುತನ್ನು ಓದುವ, ಹುಲ್ಲು ಕೊಯ್ಯುವ ಕ್ರಮಗಳಲ್ಲಿ ಅಂಥ ಸ್ವಾತಂತ್ರ್ಯವನ್ನು ವಹಿಸಿದಂತೆ ಕಾಣುವುದಿಲ್ಲ. ಚಿತ್ರವು ಅವನಿಂದ ಪಡೆದ ಸತ್ಯವೂ ಮುಖ್ಯವಾಗಿ ಈ ಎರಡನೆಯ ಬಗೆಯದು.

ದೆರ್ಸುವಿನ ಮರಣದ ವಿಷಯದಲ್ಲಿ ಇಂಥ ಸಂದಿಗ್ಧವಿಲ್ಲ. 1908ರ ಮಾರ್ಚ್ ತಿಂಗಳಲ್ಲಿ ಖಬರೊವ್‌ಸ್ಕ್ ನಗರಕ್ಕೆ ಅನತಿದೂರದ ಕೊರ್ಫೊವ್‌ಸ್ಕಯ ರೈಲು ನಿಲ್ದಾಣದ ಸಮೀಪದಲ್ಲಿ ಅವನು ಕೊಲೆಯಾದನು.

ಕಥಾಸಂವಿಧಾನ

1910ರಲ್ಲಿ ಅರ್ಸೆನ್ಯೆವ್ ಸ್ನೇಹಿತನ ಸಮಾಧಿಯನ್ನು ಹುಡುಕಿಕೊಂಡು ಕೊರ್ಫೊವ್‌ಸ್ಕಯಕ್ಕೆ ಬಂದು, ಮರಗಳನ್ನೆಲ್ಲ ಕಡಿದು ಹೊಸ ಊರನ್ನು ಕಟ್ಟುತ್ತಿರುವ ಸ್ಥಳದಲ್ಲಿ ಅದರ ಕುರುಹನ್ನೂ ಕಾಣದೆ ನಿಲ್ಲುವಲ್ಲಿ ಚಿತ್ರ ಮೊದಲಾಗುತ್ತದೆ. ಅಲ್ಲಿಂದ ಹಿಂದಕ್ಕೆ ಸರಿದು, ಮೊದಲನೆಯ ಭಾಗದಲ್ಲಿ 1902ರ, ಎರಡನೆಯದರಲ್ಲಿ 1907ರ ಸಂಗತಿಗಳು ನಿರೂಪಿತವಾಗಿವೆ. ರಾತ್ರಿಯ ಬಿಡಾರಕ್ಕೆ ಕರಡಿ ಬಂತೆಂದು ಸಿಪಾಯಿಗಳು ಕೋವಿ ಎತ್ತುವಾಗ ಕತ್ತಲಿನಿಂದ ಹೊರಬಂದು ಬೆಂಕಿಯ ಬಳಿ ಕುಳಿತುಕೊಳ್ಳುವ ಮುದುಕನು ಮೊದಮೊದಲು ಅವರ ಪರಿಹಾಸ್ಯಕ್ಕೆ ಪಾತ್ರನಾಗುತ್ತಾನೆ. ಅವನು ಬೆಂಕಿ, ನೀರು, ಗಾಳಿಗಳನ್ನು ಮನುಷ್ಯರಂತೆಯೇ ಭಾವಿಸಿ ಮಾತನಾಡಿಸುವುದೂ ಅವರಿಗೆ ನಗೆಯ ವಿಷಯ. ಪಾಳುಬಿದ್ದ ಗುಡಿಸಲೊಂದರ ಸೂರನ್ನು ಸರಿಪಡಿಸಿ, ಮುಂದೆಂದಾದರೂ ಬರುವ ಅಪರಿಚಿತನಿಗಾಗಿ ಅಕ್ಕಿ, ಉಪ್ಪು, ಬೆಂಕಿಕಡ್ಡಿಗಳನ್ನು ಅದರಲ್ಲಿ ಇಟ್ಟುಹೋಗಬೇಕೆಂದು ಅವನು ಹೇಳಿದ ಮೇಲೆ ಮುಂದಾಳು ಅರ್ಸೆನ್ಯೆವನ ನೋಟ ಬದಲಾಗುತ್ತದೆ. ಸಿಪಾಯಿಗಳು ತೂಗುಬಿಟ್ಟ ಸೀಸೆಗೆ ಗುರಿಯಿಡುವ ಆಟದಲ್ಲಿ ದೆರ್ಸು, ಕಾಡಿನಲ್ಲಿ ಸೀಸೆ ಎಲ್ಲಿ ಸಿಕ್ಕೀತೆಂದು ಅದನ್ನು ಒಡೆಯದೆ ಅದರ ದಾರವನ್ನಷ್ಟೇ ಹೊಡೆದು ಕತ್ತರಿಸುವ ಚಿಕ್ಕ ಸನ್ನಿವೇಶವು, ಈ ಲೇಖನ ಬರೆದವನ ದೃಷ್ಟಿಯಲ್ಲಿ, ಎರಡನೆಯ ಭಾಗದ ಎಷ್ಟೋ ಸಂಭಾಷಣೆಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಉತ್ತರಾರ್ಧದಲ್ಲಿ ದೆರ್ಸು ಹುಲಿಯೊಂದಕ್ಕೆ ಗುಂಡು ಹಾರಿಸಿ, ಅದರಿಂದ ಅರಣ್ಯದೇವತೆ ಮುನಿದಿತೆಂಬ ಭೀತಿಗೆ ವಶನಾಗುತ್ತಾನೆ; ಅವನ ದೃಷ್ಟಿಯೂ ಮಂದವಾಗುತ್ತ ಬರುತ್ತದೆ. ಅರ್ಸೆನ್ಯೆವ್ ಅವನನ್ನು ಖಬರೊವ್‌ಸ್ಕಿನ ತನ್ನ ಮನೆಗೆ ಕರೆದೊಯ್ದರೂ, ನೀರಿಗೂ ಸೌದೆಗೂ ಹಣ ತೆರಬೇಕಾದ ಆ ಊರಿನಲ್ಲಿ ಅವನು ನಿಲ್ಲಲಾರನು. ಬೀಳ್ಕೊಡುವಾಗ ಅರ್ಸೆನ್ಯೆವ್ ಕೊಟ್ಟ ಹೊಸ ಕೋವಿಯ ಆಸೆಗಾಗಿಯೇ ಅವನನ್ನು ಕೊಂದಿರಬಹುದೆಂಬ ಸೂಚನೆಯೊಡನೆ ಕಥೆ ಮುಗಿಯುತ್ತದೆ.

ಖಾಂಕಾ ಸರೋವರದ ಪ್ರಸಂಗ

ಖಾಂಕಾ ಸರೋವರವು ರಷ್ಯ ಮತ್ತು ಚೀನಗಳ ಗಡಿಯಲ್ಲಿದೆ. ಸುಮಾರು 4,000 ಚದರ ಕಿಲೋಮೀಟರಿನಷ್ಟು ವಿಸ್ತಾರವಿದ್ದರೂ ಅದರ ಸರಾಸರಿ ಆಳ ನಾಲ್ಕೈದು ಮೀಟರುಗಳನ್ನು ಮೀರುವುದಿಲ್ಲ; ದಡವೆಂಬುದು ಅನೇಕ ಕಡೆಗಳಲ್ಲಿ ಸ್ಪಷ್ಟವಾಗಿರದೆ, ಆಳೆತ್ತರದ ಜೊಂಡು ಬೆಳೆದ ಜೌಗುನೆಲವಾಗಿ ಮೈಲಿಗಟ್ಟಲೆ ಹಬ್ಬಿಕೊಂಡಿದೆ. ಗಾಳಿಗೆ ತಡೆಯಾಗಿ ಮರವಿಲ್ಲ, ದಿಬ್ಬವಿಲ್ಲ. ಉರಿಸಲು ಸೌದೆಯೂ ಇಲ್ಲ. ಚಿತ್ರದಲ್ಲಿ ಅರ್ಸೆನ್ಯೆವನೂ ದೆರ್ಸುವೂ ಇಬ್ಬರೇ ಈ ಬಯಲಿಗೆ ಬಂದು, ಗಾಳಿಯಿಂದ ತಮ್ಮ ಹೆಜ್ಜೆಗಳು ಅಳಿಸಿಹೋಗಿ, ದಿಕ್ಸೂಚಿ ಕೈಯಲ್ಲಿದ್ದೂ ಹಿಂದಿರುಗುವ ದಾರಿಯನ್ನು ಕಳೆದುಕೊಳ್ಳುತ್ತಾರೆ. ದಿಕ್ಕು ತಿಳಿದರೂ ಬಿರುಕುಬಿಟ್ಟ ಮಂಜುಗಡ್ಡೆಯ ನಡುವೆ ಮಾರ್ಗ ತಿಳಿಯದು. ಸೂರ್ಯನು ಕೆಂಪಾಗಿ ಇಳಿಯುತ್ತಿರುವಾಗ ದೆರ್ಸು ಹುಡುಕಾಟವನ್ನು ನಿಲ್ಲಿಸಿ, ಹುಲ್ಲು ಕೊಯ್ಯುವಂತೆ ಆಜ್ಞಾಪಿಸುತ್ತಾನೆ. ಅಲ್ಲಿಂದ ಮುಂದೆ ಚಿತ್ರದಲ್ಲಿ ಕಾಣುವುದು ಕೊಯ್ಲೊಂದೇ: ಬಾಗುವುದು, ಕೊಯ್ಯುವುದು, ತೆಕ್ಕೆಯಲ್ಲಿ ಹೊರುವುದು, ಎಸೆಯುವುದು, ಮತ್ತೆ ಬಾಗುವುದು.

ಈ ಕಾರ್ಯದ ಹಿಂದಿರುವ ಭೌತಿಕ ನ್ಯಾಯವನ್ನು ವಿವರಿಸುವುದು ಉಚಿತ. ಮೈಗೆ ಅಂಟಿಕೊಂಡಂತೆ ಬೆಚ್ಚನೆಯ ವಾಯುವಿನ ತೆಳುಪದರವೊಂದು ಸದಾ ಇರುತ್ತದೆ. ನಿಶ್ಚಲವಾದ ಚಳಿಯಲ್ಲಿ ಇದೇ ಒಂದು ಅದೃಶ್ಯವಾದ ಹೊದಿಕೆ. ಬಿರುಗಾಳಿಯು ಈ ಪದರವನ್ನು ಎಡೆಬಿಡದೆ ಕಿತ್ತೊಯ್ಯುವುದರಿಂದ, ಉಷ್ಣಮಾಪಕವು ತೋರಿಸುವ ಅಂಕೆಗಿಂತ ಬಹಳ ಹೆಚ್ಚಿನ ಚಳಿಗೆ ಗುರಿಯಾದಂತೆ ದೇಹವು ಉಷ್ಣವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಯಲಿನಲ್ಲಿ ಸಿಕ್ಕಿಬಿದ್ದವನಿಗೆ ಪ್ರಥಮತಃ ಬೇಕಾದುದು ಬೆಂಕಿಯಲ್ಲ, ಗಾಳಿಗೆ ಮರೆ. ಜೊಂಡಿನ ಕಾಂಡವು ಒಳಗೆ ಟೊಳ್ಳು. ಅದನ್ನು ರಾಶಿಯಾಗಿ ಒಟ್ಟಿದಾಗ ಕಾಂಡಗಳ ಒಳಗೂ ನಡುವೆಯೂ ಸೆರೆಸಿಕ್ಕ ವಾಯುವು ಚಲಿಸಲಾರದೆ ನಿಂತು, ಉಷ್ಣವನ್ನು ಬಹು ನಿಧಾನವಾಗಿ ಮಾತ್ರ ಹೊರಬಿಡುತ್ತದೆ. ಮೇಲೆ ಎಷ್ಟು ದಪ್ಪವಾಗಿ ಹೊದೆಸಬೇಕೋ ಅಷ್ಟೇ ಅವಶ್ಯವಾಗಿ ಕೆಳಗೂ ಹಾಸಬೇಕು. ಹೆಪ್ಪುಗಟ್ಟಿದ ನೆಲವು ತನ್ನ ಮೇಲೆ ಮಲಗಿದವನ ಬಿಸಿಯನ್ನು ನೇರವಾಗಿ ಹೀರಿಕೊಳ್ಳುತ್ತದೆ. ಚಿತ್ರದಲ್ಲಿ ದೆರ್ಸು ಅರ್ಸೆನ್ಯೆವನ ಭೂಮಾಪನಯಂತ್ರದ ಮುಕ್ಕಾಲಿಯನ್ನೇ ನಡುಗಂಬವಾಗಿ ನಿಲ್ಲಿಸಿ, ಅದರ ಸುತ್ತ ಹುಲ್ಲನ್ನು ಒಟ್ಟಿ, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯುತ್ತಾನೆ. ಅದರ ಮೇಲೆ ಬಿದ್ದ ಹಿಮವೂ ಉಪದ್ರವವಾಗದೆ ಉಪಕಾರಿಯೇ ಆಗುತ್ತದೆ. ಹೊಸದಾಗಿ ಬಿದ್ದ ಹಿಮದಲ್ಲಿ ವಾಯುವಿನ ಅಂಶವೇ ಅಧಿಕವಾಗಿರುವುದರಿಂದ ಅದು ಸಂದುಗಳನ್ನು ಮುಚ್ಚಿ ಇನ್ನೊಂದು ಹೊದಿಕೆಯಾಗಿ ಪರಿಣಮಿಸುತ್ತದೆ.

ಕಾಲದ ಲೆಕ್ಕವೂ ಇಲ್ಲಿ ಮುಖ್ಯ. ಕೊಯ್ಯುವ ಶ್ರಮದಿಂದ ಸ್ನಾಯುಗಳಲ್ಲಿ ಉಷ್ಣ ಹುಟ್ಟುತ್ತಿರುವವರೆಗೆ ಮನುಷ್ಯನು ಸುರಕ್ಷಿತ. ಆಯಾಸದಿಂದ ಕೈ ನಿಂತೊಡನೆ ಬೆವರಿನಿಂದ ಒದ್ದೆಯಾದ ಬಟ್ಟೆಯೇ ಶತ್ರುವಾಗುತ್ತದೆ. ದೇಹದ ಒಳಗಿನ ಶಾಖ ಇಳಿಯತೊಡಗಿದಾಗ ಮೊದಲು ಬೆರಳುಗಳ ಕುಶಲತೆ, ಆಮೇಲೆ ಬುದ್ಧಿಯ ತಿಳಿ, ಕಡೆಗೆ ಬದುಕುವ ಇಚ್ಛೆ ಕೂಡ ಮಂಕಾಗುತ್ತದೆಂಬುದು ವೈದ್ಯಶಾಸ್ತ್ರಕ್ಕೆ ತಿಳಿದ ವಿಷಯ. ಯೂರಿ ಸೊಲೊಮಿನ್ ಅರ್ಸೆನ್ಯೆವನ ಪಾತ್ರದಲ್ಲಿ ಈ ಕ್ರಮವನ್ನು ತಪ್ಪಿಸದೆ ಅಭಿನಯಿಸಿದ್ದಾನೆ: ಕೊಯ್ಲು ಮುಗಿಯುವ ಮುನ್ನವೇ ಅವನು ತೊದಲಿ, ತೂರಾಡಿ, ಬೀಳುತ್ತಾನೆ; ದೆರ್ಸು ಅವನನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಬೆಳಗ್ಗೆ ಕೃತಜ್ಞತೆಯ ಮಾತು ಬಂದಾಗ, ಜೊತೆಯಲ್ಲಿ ನಡೆದು ಜೊತೆಯಲ್ಲಿ ದುಡಿದವರ ನಡುವೆ ಅಂಥ ಮಾತು ಏಕೆಂಬ ಅರ್ಥದ ಉತ್ತರವನ್ನು ಕೊಟ್ಟು ಮುದುಕನು ಅದನ್ನು ತಳ್ಳಿಹಾಕುತ್ತಾನೆ.

ನಿರ್ಮಾಣ

ಅರ್ಸೆನ್ಯೆವನ ಪುಸ್ತಕವನ್ನು ಕುರೊಸಾವ ಸಹಾಯಕ ನಿರ್ದೇಶಕನಾಗಿದ್ದ ದಿನಗಳಲ್ಲಿಯೇ ಓದಿ, ಕಥೆಯನ್ನು ಹೊಕ್ಕೈದೊ ದ್ವೀಪಕ್ಕೆ ಅಳವಡಿಸುವ ಯೋಚನೆ ಮಾಡಿ, ಆ ನೆಲಕ್ಕೆ ಅದು ಒಗ್ಗದೆಂದು ಕೈಬಿಟ್ಟಿದ್ದನು. 1970ರ ಅವನ ‘ದೊದೆಸ್ಕಾದೆನ್’ ಹಣ ಗಳಿಸಲಿಲ್ಲ. ಜಪಾನಿನ ಸಂಸ್ಥೆಗಳು ಅವನಿಗೆ ಬಂಡವಾಳ ಕೊಡಲು ಹಿಂಜರಿದುವು. 1971ರ ಡಿಸೆಂಬರಿನಲ್ಲಿ ಅವನು ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದನು. ತರುವಾಯ ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್ ಸಂಸ್ಥೆಯಿಂದ ಆಹ್ವಾನ ಬಂದಾಗ ಅವನು ಸೂಚಿಸಿದ ವಸ್ತು ಇದು. ಯೂರಿ ನಗೀಬಿನ್ ಎಂಬ ಕಥೆಗಾರನೊಡನೆ ಚಿತ್ರಕಥೆ ಸಿದ್ಧವಾಯಿತು. 1961ರಲ್ಲಿ ಆಗಾಸಿ ಬಾಬಾಯನ್ ಇದೇ ವಸ್ತುವಿನ ಸೋವಿಯತ್ ಚಿತ್ರವೊಂದನ್ನು ಮಾಡಿದ್ದುಂಟು.

ಅಸಕಾಜು ನಕಾಯ್ ಮತ್ತು ಇಬ್ಬರು ರಷ್ಯನ್ನರು ಛಾಯಾಗ್ರಾಹಕರು. ಸಂಗೀತ ಇಸಾಕ್ ಶ್ವಾರ್ಟ್ಸನದು. ಜಪಾನಿನಿಂದ ಹೋದ ಸಹಾಯಕರು ಕೆಲವೇ ಮಂದಿ. 70 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಕುರೊಸಾವ ತೆಗೆದ ಏಕಮಾತ್ರ ಚಿತ್ರವಿದು. ಜಪಾನಿ ಭಾಷೆಯಲ್ಲದ ಏಕಮಾತ್ರ ಚಿತ್ರವೂ ಇದೇ. ಮುಖಗಳ ಸಮೀಪಚಿತ್ರಗಳನ್ನು ಅವನು ಇಲ್ಲಿ ಬಹಳ ಮಿತವಾಗಿ ಬಳಸಿದ್ದಾನೆ. ಸೂರ್ಯನೂ ಚಂದ್ರನೂ ಒಂದೇ ಆಕಾಶದಲ್ಲಿ ತೋರುವಂತೆ, ಇಬ್ಬರು ಮನುಷ್ಯರನ್ನು ಬೆನ್ನಿನ ಕಡೆಯಿಂದ ನಿಲ್ಲಿಸಿ ತೆಗೆದ ದೃಶ್ಯ ಪ್ರಸಿದ್ಧವಾಗಿದೆ. ದೆರ್ಸುವಿನ ಪಾತ್ರಕ್ಕೆ ಜಪಾನಿ ನಟ ತೊಶಿರೊ ಮಿಫುನೆಯ ಹೆಸರು ಆಲೋಚನೆಗೆ ಬಂದಿತ್ತಾದರೂ ಕಡೆಗೆ ಅದನ್ನು ವಹಿಸಿದವನು ತುವಾ ಪ್ರಾಂತದ ರಂಗನಟ ಮಕ್ಸಿಂ ಮುಂಜುಕ್. ತುವಾ ಜನರ ಭಾಷೆ ತುರ್ಕಿ ವರ್ಗದ್ದು, ನಾನೈ ಭಾಷೆ ತುಂಗೂಸಿ ವರ್ಗದ್ದು; ಎರಡು ನಾಡುಗಳ ನಡುವೆ ಸೈಬೀರಿಯದ ಬಹುಭಾಗವೇ ಇದೆ. ಜನಾಂಗಶಾಸ್ತ್ರದ ದೃಷ್ಟಿಯಿಂದ ಇದನ್ನು ಆಕ್ಷೇಪಿಸಬಹುದು. ಬೆಂಕಿಯ ಮುಂದೆ ಕುಳಿತು ಚಿಲುಮೆ ಸೇದುವ ಮುಂಜುಕನನ್ನು ನೋಡಿದ ಮೇಲೆ ಆಕ್ಷೇಪವನ್ನು ಮುಂದುವರಿಸುವುದು ಕಷ್ಟ.

ರಾಜಕೀಯ ಸನ್ನಿವೇಶ

1969ರಲ್ಲಿ ಉಸ್ಸೂರಿ ನದಿಯ ದಮಾನ್‌ಸ್ಕಿ ದ್ವೀಪದಲ್ಲಿ ಸೋವಿಯತ್ ಮತ್ತು ಚೀನೀ ಸೈನಿಕರ ನಡುವೆ ಘರ್ಷಣೆಯಾಗಿತ್ತು. 1972ರಲ್ಲಿ ಆ ಸೀಮೆಯ ಚೀನೀ ಮೂಲದ ಊರು ನದಿಗಳ ಹೆಸರುಗಳನ್ನು ಸಾಮೂಹಿಕವಾಗಿ ಬದಲಾಯಿಸಲಾಯಿತು. ಅರ್ಸೆನ್ಯೆವ್ ವರ್ಣಿಸಿದ, ಖಾಂಕಾ ಸರೋವರವನ್ನು ಸೇರುವ ಲೆಫೂ ನದಿಯು ಇಲಿಸ್ತಯ ಎಂದಾಯಿತು. ಇಂಥ ಸಮಯದಲ್ಲಿ ಅದೇ ಗಡಿಯ ಕಾಡನ್ನು ರಷ್ಯದ ಅಧಿಕಾರಿಯೊಬ್ಬನು ಅಳೆಯುವ ಕಥೆಯು ಚೀನದ ಪತ್ರಿಕೆಗಳಲ್ಲಿ ಖಂಡನೆಗೆ ಗುರಿಯಾದುದು ಆಶ್ಚರ್ಯವಲ್ಲ. ಚಿತ್ರದಲ್ಲಿ ಚೀನೀ ದರೋಡೆಗಾರರಿದ್ದಾರೆ. ಅವರನ್ನು ಬೆನ್ನಟ್ಟುವ ಚಾಂಗ್ ಬಾವೊ ಎಂಬ ಗೌರವಾರ್ಹನಾದ ಚೀನೀ ಮುಂದಾಳುವೂ, ಕಾಡಿನಲ್ಲಿ ಏಕಾಂಗಿಯಾಗಿರುವ ಚೀನೀ ವೃದ್ಧನೂ ಇದ್ದಾರೆ. ಕಾಡನ್ನು ಅಳೆಯುವುದೇ ಅದರ ನಾಶಕ್ಕೆ ಪ್ರಥಮ ಸೋಪಾನವಾಗಿರಬಹುದೆಂಬ ಅನುಮಾನವು ಮೊದಲ ದೃಶ್ಯದಲ್ಲಿ ಸುಳಿದರೂ ಚಿತ್ರ ಅದನ್ನು ಮುಂದೆ ಬೆಳೆಸುವುದಿಲ್ಲ. ಇದನ್ನು ಒಂದು ನ್ಯೂನತೆಯೆಂದೇ ಎಣಿಸಬೇಕು.

ಪುರಸ್ಕಾರಗಳು

1975ರ ಮಾಸ್ಕೋ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸ್ವರ್ಣ ಪ್ರಶಸ್ತಿಯನ್ನೂ, ಸೋವಿಯತ್ ಒಕ್ಕೂಟದ ಪರವಾಗಿ ಸ್ಪರ್ಧಿಸಿ ಮರುವರ್ಷ ಅತ್ಯುತ್ತಮ ವಿದೇಶೀ ಭಾಷಾಚಿತ್ರಕ್ಕೆ ಸಲ್ಲುವ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಕುರೊಸಾವನ ಮುಂದಿನ ಚಿತ್ರ ‘ಕಗೆಮುಶ’ ಬಂದುದು 1980ರಲ್ಲಿ.

ಅರ್ಸೆನ್ಯೆವ್ 1930ರಲ್ಲಿ ವ್ಲಾದಿವೊಸ್ತೊಕಿನಲ್ಲಿ ತೀರಿಕೊಂಡನು. ಅವನ ಎರಡನೆಯ ಪತ್ನಿ ಮಾರ್ಗರಿತಾಳನ್ನು 1938ರಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಗುಂಡಿಕ್ಕಿ ಕೊಲ್ಲಲಾಯಿತು. ಸೆಮ್ಯೊನೊವ್ಕ ಎಂಬ ಊರಿಗೆ 1952ರಲ್ಲಿ ಅರ್ಸೆನ್ಯೆವನ ಹೆಸರನ್ನಿಡಲಾಯಿತು. ಚಿತ್ರದ ಹೊರಾಂಗಣ ದೃಶ್ಯಗಳಲ್ಲಿ ಅನೇಕವು ಆ ಊರಿನ ಸುತ್ತಣ ಕಾಡುಗಳಲ್ಲಿ ತೆಗೆದವು.