ಹೆಸರೆತ್ತಲಾಗದ ರೋಗ, ಹೆಸರುಗಳ ಪಟ್ಟಿ

1934ರ ನವೆಂಬರ್ ತಿಂಗಳು. ನ್ಯೂಯಾರ್ಕ್ ರಾಜ್ಯದ ಆರೋಗ್ಯಾಧಿಕಾರಿ ಡಾ. ಥಾಮಸ್ ಪ್ಯಾರನ್ ರೇಡಿಯೋದಲ್ಲಿ ಭಾಷಣ ಮಾಡಬೇಕಿತ್ತು. 'ಸಿಫಿಲಿಸ್' ಎಂಬ ಪದವನ್ನು ಉಚ್ಚರಿಸಕೂಡದೆಂದು ರೇಡಿಯೋದವರು ತಿಳಿಸಿದಾಗ ಅವರು ಭಾಷಣವನ್ನೇ ಕೈಬಿಟ್ಟರು. ಪ್ಯಾರನ್ ಕಥೋಲಿಕರು. ನಾಚಿಕೆಯಿಂದ ಮುಚ್ಚಿಟ್ಟ ಈ ರೋಗದ ಫಲವನ್ನು ಉಣ್ಣುವವರು ಏನೂ ಅರಿಯದ ಮಡದಿ ಮತ್ತು ಗರ್ಭದ ಕೂಸು ಎಂಬುದನ್ನು ವೈದ್ಯರಾಗಿ ಅವರು ಬಲ್ಲವರಾಗಿದ್ದರು.

1936ರಲ್ಲಿ ಅವರು ಅಮೆರಿಕದ ಸರ್ಜನ್ ಜನರಲ್ ಆದರು. ರಕ್ತಪರೀಕ್ಷೆಯಿಂದ ರೋಗಿಯನ್ನು ಗುರುತಿಸುವುದು, ಕೂಡಲೇ ಚಿಕಿತ್ಸೆ ನೀಡುವುದು, ಸೋಂಕು ಯಾರಿಂದ ಬಂತು, ಯಾರಿಗೆ ತಗಲಿರಬಹುದು ಎಂದು ಗುಟ್ಟಾಗಿ ವಿಚಾರಿಸಿ ಅವರನ್ನೂ ಚಿಕಿತ್ಸೆಗೆ ಕರೆತರುವುದು, ಗರ್ಭಿಣಿಯರನ್ನು ತಪ್ಪದೆ ಪರೀಕ್ಷಿಸುವುದು: ಇದು ಅವರ ಕ್ರಮ. 1938ರ ಕಾನೂನು ಇದಕ್ಕೆ ಸರಕಾರದ ಹಣವನ್ನು ಒದಗಿಸಿತು. 1943ರಲ್ಲಿ ಡಾ. ಜಾನ್ ಮಹೋನಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸುವುದೆಂದು ತೋರಿಸಿದರು.

ಆದರೆ ಅದೇ ಆರೋಗ್ಯ ಇಲಾಖೆ 1932ರಿಂದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಇನ್ನೊಂದು ಪಟ್ಟಿಯನ್ನು ಇಟ್ಟುಕೊಂಡಿತ್ತು. ಅದರಲ್ಲಿ 600 ಮಂದಿ ಬಡ ಕರಿಯರಿದ್ದರು. 399 ಜನರಿಗೆ ಸಿಫಿಲಿಸ್ ಇತ್ತು. 'ನಿಮ್ಮ ರಕ್ತ ಕೆಟ್ಟಿದೆ' ಎಂದಷ್ಟೇ ಅವರಿಗೆ ಹೇಳಲಾಯಿತು. ಊಟ ಕೊಟ್ಟರು, ಶವಪರೀಕ್ಷೆಗೆ ಒಪ್ಪಿದವರಿಗೆ ಅಂತ್ಯಕ್ರಿಯೆಯ ಖರ್ಚನ್ನೂ ಕೊಟ್ಟರು. ಕೊಡದೆ ಉಳಿದದ್ದು ಮದ್ದು ಮಾತ್ರ. ಚಿಕಿತ್ಸೆ ಇಲ್ಲದಿದ್ದರೆ ರೋಗ ದೇಹವನ್ನು ಹೇಗೆ ತಿನ್ನುತ್ತದೆಂದು ನೋಡುವುದೇ ಅವರ ಗುರಿಯಾಗಿತ್ತು. ಈ ಹೆಸರುಗಳ ಪಟ್ಟಿ ಸ್ಥಳೀಯ ವೈದ್ಯರ ಕೈಗೂ ಹೋಯಿತು, ಇವರಿಗೆ ಚಿಕಿತ್ಸೆ ನೀಡಬೇಡಿ ಎಂಬ ಸೂಚನೆಯೊಂದಿಗೆ! ಕುರುಬನು ಮಂದೆಯನ್ನು ಎಣಿಸುವುದು ಕಳೆದುಹೋದದ್ದನ್ನು ಹುಡುಕಲೆಂದು. ಇಲ್ಲಿ ಎಣಿಕೆ ಸಾವಿಗೆ ಕಾದಿತ್ತು. ಪ್ಯಾರನ್ ಅಧಿಕಾರದಲ್ಲಿದ್ದ ಹನ್ನೆರಡು ವರ್ಷಗಳಲ್ಲೂ ಇದು ನಿಲ್ಲಲಿಲ್ಲ. ಅವರ ಧೈರ್ಯವನ್ನು ಮೆಚ್ಚುವವರು ಇದನ್ನೂ ಮರೆಯುವಂತಿಲ್ಲ.

ಕೊನೆಗೆ ದನಿಯೆತ್ತಿದವರು ಪೀಟರ್ ಬಕ್ಸ್‌ಟನ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗುಹ್ಯರೋಗಿಗಳನ್ನು ಸಂದರ್ಶಿಸಿ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೇ ಅವರ ಉದ್ಯೋಗ. ಜನರನ್ನು ಚಿಕಿತ್ಸೆಗೆಂದೇ ಹುಡುಕುತ್ತಿದ್ದ ಅವರಿಗೆ ಟಸ್ಕೀಗಿಯ ಸಂಗತಿ ಸಹಿಸಲಸಾಧ್ಯವಾಯಿತು. 1966ರಲ್ಲಿ ಮೇಲಧಿಕಾರಿಗಳಿಗೆ ಬರೆದರು. 1969ರಲ್ಲಿ ತಜ್ಞರ ಸಮಿತಿಯೊಂದು ಅಧ್ಯಯನ ಮುಂದುವರಿಯಲೆಂದು ತೀರ್ಮಾನಿಸಿತು. 1972ರಲ್ಲಿ ಅವರು ವಿಷಯವನ್ನು ಪತ್ರಿಕೆಯವರಿಗೆ ತಿಳಿಸಿದ ಮೇಲೆಯೇ ಅದು ನಿಂತಿತು. ಅಷ್ಟರಲ್ಲಿ ನಲವತ್ತು ವರ್ಷಗಳು ಕಳೆದಿದ್ದವು. ಕೆಲವರ ಮಡದಿಯರಿಗೂ ಮಕ್ಕಳಿಗೂ ರೋಗ ದಾಟಿತ್ತು.

1997ರಲ್ಲಿ ಅಧ್ಯಕ್ಷ ಕ್ಲಿಂಟನ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ಬದುಕುಳಿದಿದ್ದ ಕೆಲವೇ ವೃದ್ಧರಲ್ಲಿ ಐವರು ಅಂದು ಶ್ವೇತಭವನಕ್ಕೆ ಬಂದಿದ್ದರು.